ವಿಟ್ರೂವಿಯಸ್ಸನ ಅಳತೆಗೋಲು ಮತ್ತು ಕನ್ನಡ ನಾಡಿನ ಗುಡಿಗಳು

ಕ್ರಿ.ಪೂ. ಒಂದನೆಯ ಶತಮಾನದಲ್ಲಿ ರೋಮಿನ ವಿಟ್ರೂವಿಯಸ್ಸನು ಹತ್ತು ಪ್ರಕರಣಗಳಲ್ಲಿ ರಚಿಸಿ ಅಗಸ್ಟಸ್ ಚಕ್ರವರ್ತಿಗೆ ಅರ್ಪಿಸಿದ ವಾಸ್ತುಗ್ರಂಥವು ಹದಿನೈದನೆಯ ಶತಮಾನದ ಇಟಲಿಯಲ್ಲಿ ಮತ್ತೆ ಬೆಳಕು ಕಂಡಿತು. ಅಂದಿನಿಂದ, ಕಂಬದ ವ್ಯಾಸಕ್ಕೂ ಎತ್ತರಕ್ಕೂ ಇರುವ ಪ್ರಮಾಣವೇ ಕಟ್ಟಡದ ಮರ್ಮವೆಂಬ ದೃಷ್ಟಿ ಪಾಶ್ಚಾತ್ಯ ವಿದ್ವತ್ತಿನಲ್ಲಿ ನೆಲೆಯೂರಿತು. ಬಳ್ಳಾರಿ, ಕುರುಗೋಡು ಸೀಮೆಯ ಗುಡಿಗಳನ್ನು ಓದುವವರೂ ಬಹುಕಾಲ ಈ ದೃಷ್ಟಿಗೆ ಋಣಿಗಳಾಗಿದ್ದರು.

ಇದಕ್ಕೆ ನಾಂದಿ ಹಾಡಿದವರು ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮರಾಜರು. ಹಿಂದೂ ವಾಸ್ತುಶಿಲ್ಪವನ್ನು ಕುರಿತ ಅವರ ಪ್ರಬಂಧವನ್ನು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯು 1834ರಲ್ಲಿ, ಅವರ ಮರಣಾನಂತರ, ಪ್ರಕಟಿಸಿತು. ಮಾನಸಾರವೇ ಮೊದಲಾದ ಶಾಸ್ತ್ರಗಳ ಹರಿದ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಪಂಡಿತರಿಗೆ ಅರ್ಥವಾಗದ ಪಾರಿಭಾಷಿಕ ಪದಗಳನ್ನು ಶಿಲ್ಪಿಗಳ ನೆರವಿನಿಂದ ಬಿಡಿಸಿದುದು ಅವರ ನಿಜವಾದ ಸಾಧನೆ. ಆದರೆ ನಮ್ಮ ಕಂಬಗಳ ಬಗೆಗಳನ್ನು ಅವರು ಟಸ್ಕನ್, ಡೋರಿಕ್, ಅಯೋನಿಕ್, ಕೊರಿಂಥಿಯನ್ ಕಂಬಗಳೊಡನೆ ಸಾಲಾಗಿ ನಿಲ್ಲಿಸಿ ತೂಗಿದರು. ಯುರೋಪಿನ ಓದುಗರನ್ನು ಒಪ್ಪಿಸಲು ಬೇರೆ ಹಾದಿಯೂ ಆಗ ಇರಲಿಲ್ಲವೆನ್ನಬೇಕು. ವಿಚಿತ್ರವೆಂದರೆ, ಐದು ಬಗೆಯ ಕಂಬಗಳೆಂಬ ಕಟ್ಟುಪಾಡು ವಿಟ್ರೂವಿಯಸ್ಸನದೇ ಅಲ್ಲ. ಅದನ್ನು ಖಚಿತಗೊಳಿಸಿದವರು ಹದಿನಾರನೆಯ ಶತಮಾನದ ಇಟಲಿಯ ಸೆರ್ಲಿಯೋ, ವಿಗ್ನೋಲಾ ಮೊದಲಾದವರು.

ಪ್ರಸನ್ನಕುಮಾರ ಆಚಾರ್ಯರು ಮಾನಸಾರಕ್ಕೂ ವಿಟ್ರೂವಿಯಸ್ಸನಿಗೂ ಇರುವ ಹೋಲಿಕೆಗಳನ್ನು ವಿಸ್ತಾರವಾಗಿ ಪಟ್ಟಿ ಮಾಡಿದರು. ಹೋಲಿಕೆ ಇದ್ದಲ್ಲೆಲ್ಲ ಋಣವನ್ನು ಊಹಿಸುವುದು ಅವಸರದ ಮಾತು. ದೇಗುಲದ ಪ್ರಮಾಣವು ಸುಘಟಿತ ಮಾನವದೇಹವನ್ನು ಅನುಸರಿಸಬೇಕೆಂದು ರೋಮಿನವನು ಮೂರನೆಯ ಪ್ರಕರಣದಲ್ಲಿ ವಿಧಿಸುತ್ತಾನೆ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ನಿಲುವು ಅದಕ್ಕೆ ಸಮೀಪವೆಂದು ಯಾರಿಗಾದರೂ ತೋರಬಹುದು. ಆದರೆ ಅವನಿಗೆ ದೇಹವು ಕಟ್ಟುವವನ ಮಾನದಂಡ. ಶರಣರಿಗಾದರೋ ಕಲ್ಲಿನ ಗುಡಿಯ ಹಂಗನ್ನೇ ಕಳಚುವ ಅನುಭಾವ. ಒಂದರಿಂದ ಇನ್ನೊಂದನ್ನು ಹುಟ್ಟಿಸಲು ಬಾರದು.

ಅಲೆಕ್ಸಾಂಡರ್ ರೀ 1896ರ ತಮ್ಮ ಗ್ರಂಥದಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಬಾಗಳಿ, ಮಾಗಳ, ಹೂವಿನಹಡಗಲಿ ಮೊದಲಾದೆಡೆಯ ಚಾಳುಕ್ಯ ಗುಡಿಗಳನ್ನು ಅಳೆದು ನಕ್ಷೆಗಿಳಿಸಿದರು. ಆ ನಕ್ಷೆಗಳ ಬೆಲೆ ಇಂದಿಗೂ ಕುಂದಿಲ್ಲ. ಪರಿಭಾಷೆ ಮಾತ್ರ ಬದಲಾಯಿತು: 1983ರಿಂದ ಹೊರಬಂದ ಭಾರತೀಯ ದೇವಾಲಯ ವಾಸ್ತುವಿನ ವಿಶ್ವಕೋಶದಲ್ಲಿ ಮೈಸ್ಟರ್ ಮತ್ತು ಢಾಕಿಯವರು ಅಧಿಷ್ಠಾನ, ಕೂಟ, ಶಾಲೆ, ಪಂಜರವೆಂಬ ಶಾಸ್ತ್ರದ ಮಾತುಗಳನ್ನೇ ಬಳಕೆಗೆ ತಂದರು. ಕರ್ಣಾಟ ದ್ರಾವಿಡ ಗುಡಿಗಳನ್ನು ಕುರಿತ 1995ರ ಗ್ರಂಥದಲ್ಲಿ ಆಡಂ ಹಾರ್ಡಿಯವರು, ಇಂಥ ಗುಡಿಯು ಹಲವು ಕಿರುಗುಡಿಗಳ ಜೋಡಣೆ ಎಂದು ತೋರಿಸಿದರು. ಆ ಕಿರುಗುಡಿಗೆ ಅವರು ಆಯ್ದುಕೊಂಡ ‘ಈಡಿಕ್ಯೂಲ್’ ಎಂಬ ಶಬ್ದವು ಮಾತ್ರ ಲ್ಯಾಟಿನ್ ಮೂಲದ್ದೇ.