ಮೊಸರಿನ ಅಣುಜೀವಿಗಳು ಮತ್ತು ಕರುಳಿನ ಆರೋಗ್ಯ

ಅಣುಜೀವಿಗಳೆಲ್ಲವೂ ರೋಗಕಾರಕಗಳೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ದ್ವಿದಳ ಬೆಳೆಗಳ ಬೇರುಗಂಟಿನಲ್ಲಿರುವ ರೈಜೋಬಿಯಂ ಬೆಳೆಗೆ ಸಾರಜನಕ ಒದಗಿಸುವುದನ್ನು ರೈತರು ಬಲ್ಲರು. ಅದರಂತೆ ನಮ್ಮ ಕರುಳಿನಲ್ಲಿಯೂ ಉಪಕಾರಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಇವುಗಳ ಸಂಖ್ಯೆ ದೇಹದ ಒಟ್ಟು ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮ.

ಕರುಳಿನಲ್ಲಿ ಇವುಗಳ ಕೆಲಸ

ರಾಗಿ, ಕಾಳು, ಸೊಪ್ಪುಗಳಲ್ಲಿನ ನಾರಿನಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಇದರ ಒಂದು ಭಾಗವನ್ನು ಹುದುಗಿಸಿ ಬ್ಯುಟಿರಿಕ್ ಮುಂತಾದ ಆಮ್ಲಗಳನ್ನು ಉತ್ಪಾದಿಸುತ್ತವೆ. ಬ್ಯುಟಿರಿಕ್ ಆಮ್ಲವು ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ಕೆಲವು ಬ್ಯಾಕ್ಟೀರಿಯಾಗಳು ‘ಕೆ’ ಜೀವಸತ್ವವನ್ನೂ ತಯಾರಿಸುತ್ತವೆ. ಪೈರು ದಟ್ಟವಾಗಿದ್ದಲ್ಲಿ ಕಳೆ ಹೇಗೆ ಏಳದೋ ಹಾಗೆಯೇ ಇವು ತುಂಬಿರುವ ಕರುಳಿನಲ್ಲಿ ರೋಗಾಣುಗಳು ಸುಲಭವಾಗಿ ನೆಲೆಯೂರಲಾರವು.

ಮೊಸರಿನ ಪಾತ್ರ

ಹುಳಿಹಾಲಿನ ಬ್ಯಾಕ್ಟೀರಿಯಾಗಳು ಆರೋಗ್ಯಕ್ಕೆ ಹಿತಕರವೆಂಬ ವಿಚಾರವನ್ನು 20ನೆಯ ಶತಮಾನದ ಆರಂಭದಲ್ಲಿ ಪ್ರಚುರಪಡಿಸಿದವರು ಪ್ಯಾರಿಸಿನ ಪ್ಯಾಶ್ಚರ್ ಸಂಸ್ಥೆಯ ಮೆಚ್ನಿಕಾಫ್. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ ಇವರು 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯ ಒಂದಂಶವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆದ್ದರಿಂದಲೇ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಮೊಸರು ಒಗ್ಗುತ್ತದೆ. ಆದರೆ ಮೊಸರು ಸರ್ವರೋಗಗಳಿಗೂ ಮದ್ದಲ್ಲ. ನಿರ್ದಿಷ್ಟ ತಳಿಯ ಬ್ಯಾಕ್ಟೀರಿಯಾ ಸಾಕಷ್ಟು ಪ್ರಮಾಣದಲ್ಲಿ ಜೀವಂತವಾಗಿ ದೇಹ ಸೇರಿ, ಅದರ ಪ್ರಯೋಜನ ಸಿದ್ಧಪಟ್ಟಿದ್ದರೆ ಮಾತ್ರ ಅದನ್ನು ‘ಪ್ರೋಬಯಾಟಿಕ್’ ಎನ್ನಬೇಕು. ಮನೆಯ ಹೆಪ್ಪಿನಲ್ಲಿರುವ ತಳಿಗಳು ಮನೆಯಿಂದ ಮನೆಗೆ ಬೇರೆಯಾಗಿರುತ್ತವೆ.

ಗಮನಿಸಬೇಕಾದ ಅಂಶಗಳು

1. ಹಾಲನ್ನು ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಶುಚಿಯಾದ ಪಾತ್ರೆಯಲ್ಲಿ ಹೆಪ್ಪು ಹಾಕಬೇಕು. ಮೊಸರನ್ನು ಕುದಿಸಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ.

2. ಆಂಟಿಬಯಾಟಿಕ್ ಔಷಧಿಗಳು ರೋಗಾಣುಗಳೊಡನೆ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ನೆಗಡಿಗೆ ಕಾರಣ ವೈರಸ್. ಅದಕ್ಕೆ ಇವುಗಳಿಂದ ಪ್ರಯೋಜನವಿಲ್ಲ. ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

3. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಪಶುವೈದ್ಯರು ತಿಳಿಸಿದ ಅವಧಿ ಮುಗಿಯುವವರೆಗೆ ಬಳಸಬಾರದು, ಡೇರಿಗೂ ಹಾಕಬಾರದು. ಔಷಧಿಯ ಶೇಷ ಹೆಚ್ಚಿದ್ದರೆ ಹಾಲು ಸರಿಯಾಗಿ ಹೆಪ್ಪುಗಟ್ಟುವುದೂ ಇಲ್ಲ.

4. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಮಾತ್ರ ಸಾಕು. ಉಪಕಾರಿ ಬ್ಯಾಕ್ಟೀರಿಯಾಗಳನ್ನು ಪೋಷಿಸುವ ಸಕ್ಕರೆಗಳು ಅದರಲ್ಲಿವೆ.

5. ದೊಡ್ಡ ಮಕ್ಕಳಿಗೆ ಭೇದಿಯಾದಾಗ ಮೊಸರನ್ನವನ್ನೇ ನೆಚ್ಚಿ ಕೂರಬಾರದು. ದೇಹದ ನೀರು ಮತ್ತು ಲವಣ ಬತ್ತುವುದೇ ಪ್ರಾಣಾಪಾಯಕ್ಕೆ ಕಾರಣ. ಓ.ಆರ್.ಎಸ್. ದ್ರಾವಣವನ್ನು ಕೂಡಲೇ ಕುಡಿಸಲಾರಂಭಿಸಿ, ಮಗು ಸೊರಗಿದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.