ಹಳೆಯ ಬಿಎಂಎಕ್ಸ್ ಸೈಕಲ್ಲಿಗೆ ಹೊಸ ಬಿಡಿಭಾಗ: ಕಣ್ಣಳತೆ ಸಾಲದು

ಇಪ್ಪತ್ತು ಇಂಚಿನ ಸೈಕಲ್ಲಿಗೆ ಇಪ್ಪತ್ತು ಇಂಚಿನ ಟೈರ್ ಕೂರುವುದಿಲ್ಲ ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ಆದರೆ ಹಳೆಯ ಬಿಎಂಎಕ್ಸ್ ಒಂದನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಕಲಿಯುವ ಮೊದಲ ಪಾಠವೇ ಇದು. 20×1.75 ಎಂದು ಬರೆದಿರುವ ಟೈರ್ ಕೂರುವ ರಿಮ್ಮಿನ ವ್ಯಾಸ 406 ಮಿ.ಮೀ. 20×1⅜ ಎಂದು ಬರೆದಿರುವ ಟೈರಿನದು 451 ಮಿ.ಮೀ. ಎರಡೂ ‘ಇಪ್ಪತ್ತು ಇಂಚು’. ನಡುವೆ 45 ಮಿ.ಮೀ. ಅಂತರ. ಅಂಗಡಿಯಲ್ಲಿ ಕೇಳಬೇಕಾದದ್ದು ಇಂಚಲ್ಲ, ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ 47-406 ಅಥವಾ 37-451 ಎಂಬಂಥ ಸಂಖ್ಯೆ.

ತಾಂಬರಂ, ಕ್ರೋಮ್‌ಪೇಟೆಯ ಕಡೆ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಕೆಳಗೆ ಇಣುಕಿದರೆ ಇಂಥ ಸೈಕಲ್ಲುಗಳು ಕಾಣುತ್ತವೆ. ವರ್ಗಾವಣೆಯಾಗಿ ಬಂದ ಮನೆಯವರು ಲಾರಿಯಲ್ಲಿ ಸಾಮಾನಿನ ಜೊತೆ ಊರಿಂದ ತಂದದ್ದು, ಅಪ್ಪ ಓಡಿಸಿ ಮಗನಿಗೆಂದು ಉಳಿಸಿದ್ದು, ಗುಜರಿಯವನಿಗೆ ಕೊಡಲು ಮನಸ್ಸಾಗದೆ ಬಿಟ್ಟದ್ದು. ಚೆನ್ನೈನ ತೇವದ ಗಾಳಿಗೆ ಬಾಲ್, ಕಪ್, ಚೈನ್ ಹಾಳಾಗಿರುತ್ತವೆ. ಫ್ರೇಮ್ ಮಾತ್ರ ಇನ್ನೂ ಗಟ್ಟಿ. ಹೊಂದದ ಭಾಗವನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದ ದಿನ ಆ ಗಟ್ಟಿ ಫ್ರೇಮೂ ಹೋಗುತ್ತದೆ. ಹಾಳಾದ ಕಪ್ ಬದಲಾಯಿಸಬಹುದು, ಹಾಳಾದ ಫ್ರೇಮ್ ಮತ್ತೆ ಸಿಗುವುದಿಲ್ಲ.

ಈ ಗೊಂದಲಕ್ಕೆ ಒಂದು ಚರಿತ್ರೆಯಿದೆ. ಬಿಎಂಎಕ್ಸ್ ಹುಟ್ಟಿದ್ದು 1970ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದಲ್ಲಿ. ಮೋಟೋಕ್ರಾಸ್ ಬೈಕುಗಳನ್ನು ಅನುಕರಿಸಲು ಹುಡುಗರು ಶ್ವಿನ್ ಸ್ಟಿಂಗ್‌ರೇಯಂಥ ಮಕ್ಕಳ ಸೈಕಲ್ಲುಗಳನ್ನು ಮಣ್ಣಿನ ದಿಬ್ಬಗಳ ಮೇಲೆ ಓಡಿಸಿದರು. ಹಾಗಾಗಿ ಅದರ ಅಂಗಾಂಗಗಳೆಲ್ಲ ಅಮೆರಿಕದ ಮಕ್ಕಳ ಸೈಕಲ್ಲಿನ ಅಳತೆಯವು. ನಮ್ಮ ದೇಶದ ಸೈಕಲ್ ಉದ್ಯಮ ಬೆಳೆದದ್ದು ಇಂಗ್ಲಿಷ್ ಅಳತೆಯ ಮೇಲೆ. 1949ರಲ್ಲಿ ಮುರುಗಪ್ಪ ಮನೆತನವೂ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯೂ ಸೇರಿ ಕಟ್ಟಿದ ಟಿಐ ಸೈಕಲ್ಸ್ ನೆಲೆಯೂರಿದ್ದು ಇದೇ ಚೆನ್ನೈನ ಅಂಬತ್ತೂರಿನಲ್ಲಿ. ಹರ್ಕ್ಯುಲಿಸ್, ಬಿಎಸ್‌ಎ ಹೆಸರುಗಳು ನಮ್ಮ ಮನೆಮಾತಾದದ್ದು ಹೀಗೆ. ಬಂದೂಕು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯ ಮೊದಲಕ್ಷರಗಳು ಬಿಎಸ್‌ಎ. ಪೆಡಲ್ ಅಚ್ಚು ಕೂರುವ ಕಪ್ಪಿನ ಥ್ರೆಡ್ಡಿಗೆ ಜಗತ್ತಿನ ಮೆಕ್ಯಾನಿಕ್ಕುಗಳು ಇಂದಿಗೂ ಹೇಳುವ ಹೆಸರು ಕೂಡ ‘ಬಿಎಸ್‌ಎ’ಯೇ. ಅಮೆರಿಕದ ಅಳತೆಯ ಫ್ರೇಮಿಗೆ ಇಂಗ್ಲಿಷ್ ಅಳತೆಯ ಭಾಗ ತಂದರೆ ಜಗಳ ತಪ್ಪಿದ್ದಲ್ಲ.

ಆ ಜಗಳ ಬಿಡಿಸಲು ಬೇಕಾದದ್ದು ಎರಡು ಸಲಕರಣೆ: ಒಂದು ವರ್ನಿಯರ್ ಕ್ಯಾಲಿಪರ್, ಒಂದು ಥ್ರೆಡ್ ಗೇಜ್. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಏನನ್ನೂ ಕೊಳ್ಳುವ ಮೊದಲು ಸೈಕಲ್ ಪೂರ್ತಿ ಬಿಚ್ಚಿ, ಒಂದೊಂದು ಜಾಗವನ್ನೂ ಅಳೆದು ಬರೆದುಕೊಳ್ಳಿ.

ಮೊದಲು ಪೆಡಲ್ ಅಚ್ಚಿನ ಜಾಗ, ಅಂದರೆ ಬಿಬಿ. ಫ್ರೇಮಿನ ತಳದ ಅಡ್ಡ ಕೊಳವೆಯ ಒಳಗೆ ಥ್ರೆಡ್ ಇಲ್ಲದೆ ನುಣ್ಣಗಿದ್ದು, ಒಳವ್ಯಾಸ ಸುಮಾರು 51.3 ಮಿ.ಮೀ. ಇದ್ದರೆ ಅದು ಅಮೆರಿಕನ್ ಅಳತೆ. ಎರಡು ಕಾಲೂ ನಡುವಿನ ಅಚ್ಚೂ ಒಂದೇ ಕಬ್ಬಿಣದಲ್ಲಿ ಬಗ್ಗಿಸಿದ ‘ಒನ್ ಪೀಸ್’ ಕ್ರ್ಯಾಂಕ್ ಕೂರುವುದು ಇದರಲ್ಲೇ. ಒಳಗೆ ಥ್ರೆಡ್ ಇದ್ದು, ಅದು 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು ಇದ್ದರೆ ಬಿಎಸ್‌ಎ. ಇದರಲ್ಲಿ ಚೈನಿನ ಕಡೆಯ ಕಪ್ ಉಲ್ಟಾ ಥ್ರೆಡ್. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಉದ್ದ ಪಾನಾ ಹಾಕಿ ಬಲಪ್ರಯೋಗ ಮಾಡಿದರೆ ಕಪ್ ಇನ್ನಷ್ಟು ಬಿಗಿಯುತ್ತದೆ, ಕೊನೆಗೆ ಥ್ರೆಡ್ಡೇ ಕಿತ್ತುಬರುತ್ತದೆ. ಅಮೆರಿಕನ್ ಕೊಳವೆಯಲ್ಲಿ ಬಿಎಸ್‌ಎ ಕಪ್ ಕೂರಿಸಲು ಅಡಾಪ್ಟರ್ ಸಿಗುತ್ತದೆ. ಫ್ರೇಮನ್ನು ಕೊರೆಯದೆ, ಬೆಸುಗೆ ಹಾಕದೆ ಹೊಸ ಕ್ರ್ಯಾಂಕ್ ಹಾಕುವ ದಾರಿ ಅದು. ಬಿಎಸ್‌ಎ ಕೊಳವೆ ಚಿಕ್ಕದಾದ್ದರಿಂದ ಅದರಲ್ಲಿ ಒನ್ ಪೀಸ್ ಕ್ರ್ಯಾಂಕ್ ಕೂರಿಸಲು ಮಾತ್ರ ಆಗುವುದಿಲ್ಲ.

ಕ್ರ್ಯಾಂಕ್ ಬದಲಾದರೆ ಪೆಡಲ್ ಕೂಡ ಬದಲಾಗಬೇಕು. ಒನ್ ಪೀಸ್ ಕ್ರ್ಯಾಂಕಿನ ಪೆಡಲ್ ಥ್ರೆಡ್ ಅರ್ಧ ಇಂಚು, ಮೂರು ಭಾಗದ ಕ್ರ್ಯಾಂಕಿನದು 9/16 ಇಂಚು. ಎರಡರಲ್ಲೂ ಎಡಗಾಲಿನ ಪೆಡಲ್ ಉಲ್ಟಾ ಥ್ರೆಡ್.

ಎರಡನೆಯದು ಹ್ಯಾಂಡಲ್ಲಿನ ಕತ್ತು. ಫೋರ್ಕಿನ ಕೊಳವೆಯೊಳಗೆ ಇಳಿಯುವ ಸ್ಟೆಮ್ಮಿನ ದಪ್ಪ ಹಳೆಯ ಬಿಎಂಎಕ್ಸ್‌ಗಳಲ್ಲಿ 21.1 ಮಿ.ಮೀ.; ಬೇರೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 22.2. ಒಂದೇ ಒಂದು ಮಿಲಿಮೀಟರಿನ ಈ ವ್ಯತ್ಯಾಸ ಇಡೀ ಕೆಲಸದಲ್ಲೇ ಅತಿ ಅಪಾಯದ್ದು. ದೊಡ್ಡ ಕೊಳವೆಗೆ ಸಣ್ಣ ಸ್ಟೆಮ್ ಹಾಕಿ, ಒಳಗಿನ ಬೋಲ್ಟ್ ಎಷ್ಟು ಬಿಗಿದರೂ ಹಿಡಿತ ಸಾಲದು. ಮಗು ತಿರುವಿನಲ್ಲಿ ಹ್ಯಾಂಡಲ್ ತಿರುಗಿಸುತ್ತದೆ, ಚಕ್ರ ನೇರ ಹೋಗುತ್ತದೆ. ಈ ಅಳತೆಗೆಂದೇ ಮಾಡಿದ ಷಿಮ್ ಸಿಗುತ್ತದೆ. ಟಿನ್ ಡಬ್ಬಿ ಕತ್ತರಿಸಿ ಸುತ್ತುವುದು ಬೇಡ. ಸಣ್ಣ ಕೊಳವೆಗೆ ದೊಡ್ಡ ಸ್ಟೆಮ್ ಇಳಿಸಲು ಅರದಿಂದ ಉಜ್ಜುವುದೂ ಬೇಡ. ತೆಳುವಾದ ಸ್ಟೆಮ್ ಒಂದು ದಿನ ಮುರಿಯುತ್ತದೆ. ಇದೇ ಕತ್ತಿನಲ್ಲಿ ಕೂರುವ ಕಪ್ಪುಗಳಲ್ಲೂ ಎರಡು ಬಗೆ: ಸುಮಾರು 30.2 ಮಿ.ಮೀ., ಸುಮಾರು 32.7 ಮಿ.ಮೀ. ಬರಿಗಣ್ಣಿಗೆ ಒಂದೇ ಥರ ಕಾಣುತ್ತವೆ.

ಮೂರನೆಯದು ಚಕ್ರದ ಅಚ್ಚು. 3/8 ಇಂಚಿನ ಅಚ್ಚು ಅಂದರೆ 9.5 ಮಿ.ಮೀ.; ಇನ್ನೊಂದು ಬಗೆ 10 ಮಿ.ಮೀ. ಮೊದಲನೆಯದರಲ್ಲಿ ಇಂಚಿಗೆ 26 ಸುತ್ತು, ಎರಡನೆಯದರಲ್ಲಿ ಮಿಲಿಮೀಟರಿಗೆ ಒಂದು. ಒಂದರ ನಟ್ಟು ಇನ್ನೊಂದರ ಮೇಲೆ ಎರಡು ಸುತ್ತು ಹೋದಂತೆ ಮಾಡಿ ಕಚ್ಚಿಕೊಳ್ಳುತ್ತದೆ. ನಟ್ಟು ಕೈಬೆರಳಲ್ಲಿ ಸಲೀಸಾಗಿ ಹೋಗದಿದ್ದರೆ ಪಾನಾ ಹಿಡಿಯಲೇಬಾರದು. ಈ ನಿಯಮ ಇಡೀ ಸೈಕಲ್ಲಿಗೆ ಅನ್ವಯಿಸುತ್ತದೆ. ಫ್ರೀವೀಲಿನಲ್ಲೂ ಎಚ್ಚರ: ಹದಿನಾರು ಹಲ್ಲು ಮತ್ತು ಅದಕ್ಕಿಂತ ದೊಡ್ಡವು 1.37 ಇಂಚಿನ ಥ್ರೆಡ್ಡಿನ ಮೇಲೆ ಕೂರುತ್ತವೆ. ಅದಕ್ಕಿಂತ ಸಣ್ಣವಕ್ಕೆ 30 ಮಿ.ಮೀ. ಥ್ರೆಡ್ಡಿನ ಹಬ್ ಬೇಕು. ಹಿಂದಿನ ಹಬ್ಬಿನ ಅಗಲ ಬಿಎಂಎಕ್ಸ್‌ನಲ್ಲಿ ಸಾಮಾನ್ಯವಾಗಿ 110 ಮಿ.ಮೀ. ಅಗಲ ಹೊಂದದಿದ್ದರೆ ಫ್ರೇಮಿನ ಕಾಲು ಅಗಲಿಸುವ ಬದಲು ವಾಷರ್ ಸೇರಿಸಿ ಅಥವಾ ಹಬ್ ಬದಲಿಸಿ.

ಇವೆಲ್ಲ ಎಲ್ಲಿ ಸಿಗುತ್ತವೆ? ತಾಂಬರಂನಿಂದ ಬೀಚ್ ಕಡೆಯ ಲೋಕಲ್ ಹತ್ತಿ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಹಳೆಯ ಸಗಟು ಪೇಟೆಗಳು ದೂರವಿಲ್ಲ. ರಾಟನ್ ಬಜಾರಿನಲ್ಲಿ ಸೈಕಲ್ ಅಂಗಡಿಗಳ ಸಾಲೇ ಇದೆ. ಮಾಮೂಲಿ ಭಾಗಗಳಿಗೆ ಅಷ್ಟು ಸಾಕು. 21.1ರ ಸ್ಟೆಮ್, ಬಿಬಿ ಅಡಾಪ್ಟರ್ ಥರದವನ್ನು ಆನ್‌ಲೈನಿನಲ್ಲಿ ಹುಡುಕಬೇಕಾದೀತು. ಪೇಟೆಗೆ ಹೋಗುವಾಗ ಅಳತೆಯ ಚೀಟಿಯ ಜೊತೆ ಹಳೆಯ ಭಾಗವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತಮಿಳು ಅಷ್ಟಕ್ಕಷ್ಟೇ ಬರುವ ನಮ್ಮಂಥವರಿಗೆ ಒಂದು ಮಾತು ಗೊತ್ತಿದ್ದರೆ ಒಳ್ಳೆಯದು: ಥ್ರೆಡ್ಡಿಗೆ ತಮಿಳಿನಲ್ಲಿ ‘ಮರೈ’ ಅನ್ನುತ್ತಾರೆ. ತಲೆ ಕೆಟ್ಟವರನ್ನು ನಾವು ‘ಸ್ಕ್ರೂ ಲೂಸ್’ ಎಂದು ಗೇಲಿ ಮಾಡುವ ಹಾಗೆ ಅವರು ‘ಮರೈ ಕಳಚಿದೆ’ ಎನ್ನುತ್ತಾರೆ. ಉಳಿದ ವ್ಯವಹಾರವನ್ನು ಚೀಟಿಯ ಅಂಕಿಗಳೇ ಮಾಡುತ್ತವೆ.

ಬಣ್ಣದ ಆಸೆಯನ್ನು ಕೊನೆಗಿಡಿ. ಎಲ್ಲ ಭಾಗಗಳನ್ನೂ ಒಮ್ಮೆ ಜೋಡಿಸಿ, ಚಕ್ರ ತಿರುಗಿಸಿ, ಚೈನ್ ನೇರವಿದೆಯೇ, ಬ್ರೇಕ್ ರಬ್ಬರ್ ರಿಮ್ಮಿಗೇ ತಾಗುತ್ತದೆಯೇ ನೋಡಿ, ಮತ್ತೆ ಬಿಚ್ಚಿ ಬಣ್ಣಕ್ಕೆ ಕೊಡಿ. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಬಿಬಿ ಥ್ರೆಡ್, ಕತ್ತಿನ ಒಳಭಾಗ, ಸೀಟ್ ಕೊಳವೆಯ ಬಾಯಿ ಮುಚ್ಚಿಸಬೇಕು. ಬಣ್ಣದ ದಪ್ಪ ಒಳಗೆ ಹೋದರೆ ನಿನ್ನೆ ಹೊಂದಿದ ಕಪ್ ಇಂದು ಹೊಂದುವುದಿಲ್ಲ. ಫ್ರೇಮಿನ ಬೆಸುಗೆಯ ಹತ್ತಿರ ಕೂದಲೆಳೆಯ ಬಿರುಕು ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಅದು ಗೋಡೆಗೆ ತೂಗುಹಾಕುವ ಸೈಕಲ್, ಮಗುವಿಗೆ ಕೊಡುವುದಲ್ಲ.

ಓಡಿಸುವ ಮೊದಲು ಕೊನೆಯ ಪರೀಕ್ಷೆ: ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿಹಿಡಿದು ಹ್ಯಾಂಡಲ್ಲನ್ನು ಜೋರಾಗಿ ತಿರುಚಿ. ಅಲುಗಿದರೆ ಮತ್ತೆ ಸ್ಟೆಮ್ ನೋಡಿ. ಅಲುಗದಿದ್ದರೆ ಅಳತೆಯ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಅಡಿಗೆ ಅಂಟಿಸಿಡಿ. ಇನ್ನು ಹತ್ತು ವರ್ಷ ಬಿಟ್ಟು ಸೈಕಲ್ ಬಿಚ್ಚುವವರು ಇನ್ಯಾರೋ ಆಗಿರಬಹುದು, ಊರೂ ಬೇರೆಯಾಗಿರಬಹುದು. ಅವರು ಮೊದಲಿಂದ ಅಳೆಯಬೇಕಾಗುವುದಿಲ್ಲ.