ಗ್ಯಾಸ್ ಅಂತ ಸೋಡಾ ಕುಡಿದು ಕೂತಿದ್ದರೆ?

ಹೋದ ದೀಪಾವಳಿಗೆ ಬೀಳಗಿಗೆ ಹೋಗಿದ್ದೆ. ಬೆಳಿಗ್ಗೆ ಕಬ್ಬಿನ ಹೊಲಕ್ಕೆ ಹೊರಟಿದ್ದ ಕಾಕಾ ಕಟ್ಟೆಯ ಮೇಲೆ ಕುಸಿದು ಕುಳಿತರು. ಮೈಯೆಲ್ಲ ಬೆವರು, ಎದೆ ಹಿಂಡಿದಂಗೆ ನೋವು.

"ಏನಿಲ್ಲೋ ತಮ್ಮಾ, ಗ್ಯಾಸ್ ಆಗೇತಿ. ಒಂದ್ ಸೋಡಾ ತಾ."

ಕಾಕು ಕೇಳಲಿಲ್ಲ. "ಸೋಡಾ ಆಮ್ಯಾಲ, ಮೊದ್ಲ ಗಾಡಿ ತಗಿ" ಅಂದರು.

ಇಸಿಜಿ ನೋಡಿದ ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಟೆನೆಕ್ಟೆಪ್ಲೇಸ್ ಎಂಬ ಒಂದೇ ಇಂಜೆಕ್ಷನ್ ಕೊಟ್ಟು, ಮುಂದಿನ ಚಿಕಿತ್ಸೆಗೆ ಬಾಗಲಕೋಟೆಗೆ ಕಳಿಸಿದರು. ಕಾಕಾ ಉಳಿದರು. ನಾನು ಓದಿದ್ದು ಎಂಜಿನಿಯರಿಂಗ್. ಆ ಮದ್ದು ಏನು ಮಾಡಿತು ಅಂತ ಆಮೇಲೆ ಕೂತು ಓದಿದೆ.

ಅದರ ಮೂಲ ನಮ್ಮ ರಕ್ತನಾಳದಲ್ಲೇ ಇದೆ! ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನ್ ನಾರಿನ ಬಲೆ ಕಟ್ಟಿಸುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಅದು ಮಿತಿಮೀರಿದರೆ ನಾಳವೇ ಬಂದ್. ಅದಕ್ಕೇ ನಾಳದ ಒಳಪದರದ ಕೋಶಗಳು ಟಿಪಿಎ ಎಂಬ ವಸ್ತುವನ್ನು ಪುಟ್ಟ ಚೀಲಗಳಲ್ಲಿ ಕೂಡಿಟ್ಟಿರುತ್ತವೆ. ಹೆಪ್ಪು ಕಟ್ಟಿಸಿದ ಥ್ರಾಂಬಿನ್ನೇ ಅದನ್ನು ಬಿಡುಗಡೆ ಮಾಡಿಸಬಲ್ಲದು. ಇನ್ನೊಂದು ದಾರಿಯೂ ಇದೆ: ಕ್ಯಾಲಿಕ್ರೀನ್ ಎಂಬ ಕಿಣ್ವ ರಕ್ತದ ಒಂದು ಪ್ರೋಟೀನನ್ನು ಕತ್ತರಿಸಿ ಬ್ರಾಡಿಕೈನಿನ್ ಎಂಬ ತುಣುಕು ತೆಗೆಯುತ್ತದೆ. ಆ ತುಣುಕು ಕೋಶಗಳಿಗೆ ತಾಗಿದರೆ ಟಿಪಿಎ ಹೊರಬರುತ್ತದೆ. ಟಿಪಿಎ ಪ್ಲಾಸ್ಮಿನೋಜನ್ನನ್ನು ಪ್ಲಾಸ್ಮಿನ್ ಆಗಿಸುತ್ತದೆ, ಪ್ಲಾಸ್ಮಿನ್ ಆ ಬಲೆಯನ್ನು ತುಂಡು ಮಾಡುತ್ತದೆ.

ಹಾಗಿದ್ದರೂ ಅಟ್ಯಾಕ್ ಯಾಕೆ ಆಗುತ್ತೆ? ಹೃದಯದ ನಾಳದಲ್ಲಿ ದೊಡ್ಡ ಹೆಪ್ಪು ದಿಢೀರನೆ ಕಟ್ಟಿದಾಗ ದೇಹದ ಟಿಪಿಎ ಸಾಲುವುದಿಲ್ಲ. ಅದಕ್ಕೆ ಬ್ರೇಕ್ ಹಾಕುವ ಪಿಎಐ-1 ಎಂಬ ಪ್ರೋಟೀನ್ ಬೇರೆ ಇದೆ, ಅದು ಬೆಳಗಿನ ಹೊತ್ತು ಹೆಚ್ಚು. ಟೆನೆಕ್ಟೆಪ್ಲೇಸ್ ಎಂದರೆ ಮೂರು ಕಡೆ ಬದಲಾಯಿಸಿದ ಟಿಪಿಎ. ಆ ಬ್ರೇಕಿಗೆ ಸುಲಭವಾಗಿ ಬಗ್ಗುವುದಿಲ್ಲ, ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಈ ದುಬಾರಿ ಇಂಜೆಕ್ಷನ್ ಉಚಿತ.

ಆದರೆ ಇದು ಎಲ್ಲರಿಗೂ ಕೊಡುವಂಥದ್ದಲ್ಲ. ರಕ್ತಸ್ರಾವದ ಅಪಾಯವಿದೆ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ, ಮದ್ದಿನ ಫಲವೂ ಕಮ್ಮಿ.

ಇವತ್ತೇ ಊರಿಗೆ ಫೋನ್ ಮಾಡಿ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಅಂತ ವಿಚಾರಿಸಿಡಿ. ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಕಾಕಾ ಈಗಲೂ ಹೊಲಕ್ಕೆ ಹೋಗುತ್ತಾರೆ, ಕಾಕು ಜೇಬಿನಲ್ಲಿ ಗುಳಿಗೆ ಇಟ್ಟೇ ಕಳಿಸುತ್ತಾರೆ.